ಸೈಕಲ್ ಬಲ್ಲವನಿಗೆ ಸೈಕಲ್ಲೇ ತೊಡಕಾದಾಗ: ವಿಜಯಪುರದ ಟ್ರಯಥ್ಲಾನ್ ಸ್ಪರ್ಧಿಯೊಬ್ಬನ ಎರಡು ವರ್ಷದ ಸಿದ್ಧತೆ

ಈ ಪ್ರಕರಣದ ಕ್ರೀಡಾಪಟು ವಿಜಯಪುರ ಜಿಲ್ಲೆಯವನು. ವಯಸ್ಸು 31, ತೂಕ 68 ಕಿಲೋ, ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಹದಿಹರೆಯದಲ್ಲಿ ರಸ್ತೆ ಸೈಕ್ಲಿಂಗ್‌ನಲ್ಲಿ ರಾಜ್ಯಮಟ್ಟದವರೆಗೂ ಹೋಗಿ ಬಂದಿದ್ದ. ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಇದೇನು ಅಪರೂಪದ ಮಾತಲ್ಲ. ಮರವಿಲ್ಲದ ಎರಿ ಭೂಮಿಯ ನಡುವಿನ ನೇರ ರಸ್ತೆಗಳಲ್ಲಿ ಎದುರುಗಾಳಿಗೆ ಎದೆಕೊಟ್ಟು ಸೈಕಲ್ ತುಳಿದು ಬೆಳೆದ ಹುಡುಗರು ಇಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಆತನನ್ನು ಎರಡು ವರ್ಷ ತರಬೇತಿಗೆ ತೆಗೆದುಕೊಂಡವನು ನಾನು. ಎರಡೂ ವರ್ಷದ ಗುರಿ ಒಂದೇ ಆಗಿತ್ತು: ಗೋವಾದ ಕಡಲತೀರದಲ್ಲಿ ಮಳೆಗಾಲ ಮುಗಿದ ಮೇಲೆ ನಡೆಯುವ ಅರ್ಧ ದೂರದ ಟ್ರಯಥ್ಲಾನ್, ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಮತ್ತು 21.1 ಕಿ.ಮೀ. ಓಟ, ಒಂದಾದ ಮೇಲೊಂದು, ನಡುವೆ ಬಿಡುವಿಲ್ಲದೆ.

ಮೊದಲ ವರ್ಷ ಆತ 6 ಗಂಟೆ 35 ನಿಮಿಷ ತೆಗೆದುಕೊಂಡ. ಈಜಿಗೆ 58 ನಿಮಿಷ, ಸೈಕಲ್ಲಿಗೆ 2 ಗಂಟೆ 38 ನಿಮಿಷ, ಓಟಕ್ಕೆ 2 ಗಂಟೆ 47 ನಿಮಿಷ. ಉಳಿದ 12 ನಿಮಿಷ ಬಟ್ಟೆ, ಬೂಟು ಬದಲಿಸುವ ಎರಡು ತಾಣಗಳಲ್ಲಿ ಹೋಯಿತು. ಎರಡನೆಯ ವರ್ಷ ಒಟ್ಟು 5 ಗಂಟೆ 42 ನಿಮಿಷ. ಫಲಿತಾಂಶ ನೋಡಿದವರೆಲ್ಲ ಸೈಕಲ್ಲಿನಲ್ಲಿ ಇನ್ನಷ್ಟು ಬಲ ಬಂದಿರಬೇಕು ಎಂದೇ ಅಂದುಕೊಂಡರು. ವಾಸ್ತವದಲ್ಲಿ ಎರಡನೆಯ ವರ್ಷ ಸೈಕಲ್ಲಿಗೆ 2 ಗಂಟೆ 45 ನಿಮಿಷ ಹಿಡಿದಿತ್ತು, ಹಿಂದಿನದಕ್ಕಿಂತ 7 ನಿಮಿಷ ಹೆಚ್ಚು. ಓಟ ಮಾತ್ರ 2 ಗಂಟೆ 4 ನಿಮಿಷಕ್ಕೆ ಇಳಿದಿತ್ತು. ಏಳು ನಿಮಿಷ ಬಿಟ್ಟುಕೊಟ್ಟವನಿಗೆ 43 ನಿಮಿಷ ಹೇಗೆ ದಕ್ಕಿತು ಎಂಬುದೇ ಈ ಅಧ್ಯಯನದ ವಿಷಯ.

ಮೊದಲ ಸ್ಪರ್ಧೆಯ ಲೆಕ್ಕ

ಸ್ಪರ್ಧೆ ಮುಗಿದ ಸಂಜೆ ಆತ ನನಗೆ ಹೇಳಿದ ಮೊದಲ ಮಾತು ಇದು: "ಸರ, ಸೈಕಲ್ ಮ್ಯಾಲ ಭಾಳ ಛಲೋ ಇದ್ದೆ. ಇಳದ ಮ್ಯಾಲ ಕಾಲು ನನ್ನವು ಅನ್ನಿಸಲೇ ಇಲ್ಲ." ಹೃದಯ ಬಡಿತ ಅಳೆಯುವ ಎದೆಪಟ್ಟಿಯ ದಾಖಲೆಯನ್ನು ಬಿಚ್ಚಿ ನೋಡಿದಾಗ ಈ ಮಾತಿನ ಎರಡೂ ಭಾಗ ನಿಜವೆಂದು ಕಂಡಿತು. ಸುಮಾರು ಒಂದು ಗಂಟೆ ಕಾಲ ತಡೆದುಕೊಳ್ಳಬಲ್ಲ ಗರಿಷ್ಠ ಶ್ರಮದಲ್ಲಿ ಆತನ ಹೃದಯ ಬಡಿತ ನಿಮಿಷಕ್ಕೆ 170. ಇದನ್ನೇ ನಾವು ಮಿತಿಬಡಿತ ಎನ್ನೋಣ. ಸೈಕಲ್ಲಿನ ಮೊದಲ 30 ಕಿ.ಮೀ.ಯಲ್ಲಿ ಆತನ ಸರಾಸರಿ 169 ಇತ್ತು. ಎರಡೂವರೆ ಗಂಟೆಗೂ ಮಿಕ್ಕು ನಡೆಯುವ ಸೈಕಲ್ಲಿಗೆ, ಆಮೇಲೆ ಅರ್ಧ ಮ್ಯಾರಥಾನ್ ಬಾಕಿ ಇರುವಾಗ, ಒಂದು ಗಂಟೆಯ ಸ್ಪರ್ಧೆಗೆ ಹಾಕುವ ಶ್ರಮವನ್ನು ಆತ ಹಾಕಿದ್ದ. ಓಟದ ಮೊದಲ 5 ಕಿ.ಮೀ. ಕಿಲೋಮೀಟರಿಗೆ 5 ನಿಮಿಷ 10 ಸೆಕೆಂಡಿನಂತೆ ಓಡಿದ; ಒಂಬತ್ತನೆಯ ಕಿ.ಮೀ. ದಾಟಿದ ಮೇಲೆ ಓಟ ನಡಿಗೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ "ಸೈಕಲ್ ನಿಧಾನ ತುಳಿ" ಎಂಬ ಒಂದು ಸಲಹೆ ಸಾಕಾಗುತ್ತಿತ್ತು. ಅದನ್ನು ಸ್ಪರ್ಧೆಗೆ ಮೊದಲೇ ಹೇಳಿದ್ದೆ. ಆತ ತಲೆ ಆಡಿಸಿಯೂ ಇದ್ದ. ಹೇಳಿದ್ದು ಯಾಕೆ ನಡೆಯಲಿಲ್ಲ ಎಂದು ಹುಡುಕಿದಾಗ ಸಿಕ್ಕ ಉತ್ತರ ಸೈಕಲ್ಲಿನಲ್ಲಿ ಇರಲಿಲ್ಲ, ನೀರಿನಲ್ಲಿ ಇತ್ತು. ಸಮುದ್ರದಿಂದ ಎದ್ದು ಬಂದಾಗ ಆತನ ಬಡಿತ 176 ಇತ್ತು. ಸುತ್ತಲೂ ನೋಡಿದರೆ ಸೈಕಲ್ ತೂಗುಹಾಕಿದ ಸಾಲುಗಳು ಅರ್ಧಕ್ಕಿಂತ ಹೆಚ್ಚು ಖಾಲಿ. ಹದಿನೈದು ವರ್ಷ ಸೈಕಲ್ಲಿನಲ್ಲಿ ಯಾರಿಗೂ ಸೋಲದ ಅಭ್ಯಾಸವಿದ್ದವನಿಗೆ ಆ ಖಾಲಿ ಸಾಲು ಎಂಥ ಸಿಟ್ಟು ತರಿಸುತ್ತದೆ ಎಂಬುದನ್ನು ಸ್ವತಃ ಸೈಕಲ್ ತುಳಿದವನಾಗಿ ನಾನು ಬಲ್ಲೆ. ಕಳೆದದ್ದನ್ನೆಲ್ಲ ಮೊದಲ ಗಂಟೆಯಲ್ಲೇ ಹಿಂದಕ್ಕೆ ತರುತ್ತೇನೆಂದು ಹೊರಟ.

ಇದಕ್ಕೆ ಬೆಂಬಲವಾಗಿ ಇನ್ನೊಂದು ಹಳೆಯ ಅಭ್ಯಾಸ ಕೂಡಿಕೊಂಡಿತು. ರಸ್ತೆ ಸೈಕ್ಲಿಂಗ್‌ನಲ್ಲಿ ಗುಂಪಿನ ಬೆನ್ನಿಗೆ ಅಂಟಿ ಗಾಳಿಯನ್ನು ತಪ್ಪಿಸಿಕೊಳ್ಳುವುದು, ಸಮಯ ನೋಡಿ ಒಮ್ಮೆ ಜೋರಾಗಿ ಎಳೆಯುವುದು, ಮತ್ತೆ ಗುಂಪಿನೊಳಗೆ ಸೇರಿ ದಣಿವಾರಿಸಿಕೊಳ್ಳುವುದು ಆಟದ ಮೂಲ ಪಾಠ. 2000ದಲ್ಲಿ ಸಿಡ್ನಿಯಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದಾಗಿನಿಂದಲೂ ಅಲ್ಲಿನ 1.5, 40, 10 ಕಿ.ಮೀ. ಸ್ಪರ್ಧೆಯಲ್ಲಿ ಹೀಗೆ ಗುಂಪುಗೂಡಿ ತುಳಿಯಲು ಅವಕಾಶವಿದೆ. ಅರ್ಧ ಮತ್ತು ಪೂರ್ಣ ದೂರದ ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಮುಂದಿನ ಸೈಕಲ್ಲಿನಿಂದ ಸಾಮಾನ್ಯವಾಗಿ 12 ಮೀಟರ್ ಅಂತರ ಕಾಯ್ದುಕೊಳ್ಳಬೇಕು, ಆ ಅಂತರದೊಳಗೆ ಹೋದರೆ ನಿಗದಿತ ಸೆಕೆಂಡುಗಳೊಳಗೆ ದಾಟಿ ಮುಂದೆ ಹೋಗಬೇಕು. ನಮ್ಮವನು ಎಳೆಯುವುದನ್ನು ಮಾತ್ರ ಮಾಡಿದ. ದಣಿವಾರಿಸಿಕೊಳ್ಳಲು ಗುಂಪೇ ಇರಲಿಲ್ಲ.

ಆದ್ದರಿಂದ ಎರಡನೆಯ ವರ್ಷ ಸಿದ್ಧತೆಯನ್ನು ಮೂರು ಆಟಗಳ ಸಿದ್ಧತೆ ಎಂದು ನೋಡುವುದನ್ನು ಬಿಟ್ಟು, ಒಂದು ಆಟ ಇನ್ನೊಂದರ ಕೈಗೆ ಏನನ್ನು ಕೊಟ್ಟು ಹೋಗುತ್ತದೆ ಎಂಬ ದೃಷ್ಟಿಯಿಂದ ನೋಡಿದೆವು. ಮೇ ನಡುವಿನಿಂದ ಅಕ್ಟೋಬರ್‌ವರೆಗೆ 22 ವಾರ ಸಿಕ್ಕವು. ಕಬ್ಬು ನುರಿಸುವ ಹಂಗಾಮು ಆ ತಿಂಗಳುಗಳಲ್ಲಿ ಇರುವುದಿಲ್ಲವಾದ್ದರಿಂದ ಪಾಳಿಯ ಕಾಟವೂ ಸ್ವಲ್ಪ ಕಡಿಮೆ.

ಬಾವಿಯ ಈಜು, ಹೊಂಡದ ಈಜು, ಕಡಲಿನ ಈಜು

ಆತ ಈಜು ಕಲಿತದ್ದು ನಮ್ಮ ಕಡೆಯ ಬಹುತೇಕ ಹುಡುಗರಂತೆ ತೋಟದ ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ಬಾವಿಯ ಈಜು ಎಂದರೆ ತಲೆ ನೀರಿನ ಮೇಲೆ, ಎದೆ ಮುಂದಕ್ಕೆ, ಕಾಲು ಕೆಳಕ್ಕೆ. ಗೋಡೆಯಿಂದ ಗೋಡೆಗೆ ಹತ್ತಾರು ಮಾರು ಹೋಗಲು ಅದು ಧಾರಾಳವಾಗಿ ಸಾಕು. ಆದರೆ ತಲೆ ಎತ್ತಿದಷ್ಟೂ ಸೊಂಟ ಮತ್ತು ಕಾಲು ಮುಳುಗುತ್ತವೆ. ಮುಳುಗಿದ ದೇಹ ನೀರನ್ನು ಸೀಳುವ ಬದಲು ತಳ್ಳುತ್ತಾ ಹೋಗುತ್ತದೆ. ತಳ್ಳುವ ಶ್ರಮವೆಲ್ಲ ಭುಜ ಮತ್ತು ಉಸಿರಿನ ಮೇಲೆ ಬೀಳುತ್ತದೆ. ಮೊದಲ ವರ್ಷ ನಾನು ಇದನ್ನು ಸರಿಪಡಿಸದೆ ದೂರವನ್ನಷ್ಟೇ ಹೆಚ್ಚಿಸಿದ್ದೆ. ಅದು ನನ್ನ ತಪ್ಪು. ತಪ್ಪಾದ ಚಲನೆಯನ್ನು ದಿನಕ್ಕೆ ಎರಡು ಸಾವಿರ ಮೀಟರ್ ಮಾಡಿಸಿ ಇನ್ನಷ್ಟು ಗಟ್ಟಿಮಾಡಿದ್ದೆ.

ಎರಡನೆಯ ವರ್ಷದ ಮೊದಲ ದಿನ 25 ಮೀಟರ್ ಕೊಳದಲ್ಲಿ ಪರೀಕ್ಷೆ ಮಾಡಿದೆವು. 400 ಮೀಟರಿಗೆ 10 ನಿಮಿಷ, ವಿಶ್ರಾಂತಿಯ ನಂತರ 200 ಮೀಟರಿಗೆ 4 ನಿಮಿಷ 40 ಸೆಕೆಂಡು. ಒಂದರಿಂದ ಇನ್ನೊಂದನ್ನು ಕಳೆದರೆ ನಡುವಿನ 200 ಮೀಟರಿಗೆ 5 ನಿಮಿಷ 20 ಸೆಕೆಂಡು, ಅಂದರೆ ನೂರಕ್ಕೆ 2 ನಿಮಿಷ 40 ಸೆಕೆಂಡು. ದೀರ್ಘಕಾಲ ಉಳಿಸಿಕೊಳ್ಳಬಲ್ಲ ಈಜಿನ ವೇಗಕ್ಕೆ ಇದು ಸಾಕಷ್ಟು ಹತ್ತಿರದ ಅಂದಾಜು. ಆದರೆ ಹಿಂದಿನ ವರ್ಷ ಕಡಲಿನಲ್ಲಿ ಆತ ಈಜಿದ್ದು ನೂರಕ್ಕೆ 3 ನಿಮಿಷ ದಾಟಿ. ಕೊಳಕ್ಕೂ ಕಡಲಿಗೂ ಇರುವ ಈ ವ್ಯತ್ಯಾಸದಲ್ಲಿ ಒಂದು ಪಾಲು ಅಲೆಯದು, ಇನ್ನೊಂದು ಪಾಲು ದಾರಿ ತಪ್ಪಿ ಸೊಟ್ಟಗೆ ಈಜಿದ್ದರದು, ಮೂರನೆಯದು ಗಾಬರಿಯದು.

ಮೊದಲ ಆರು ವಾರ ದೂರವನ್ನು ಮುಟ್ಟಲೇ ಇಲ್ಲ. ವಾರಕ್ಕೆ ಮೂರು ದಿನ, ಒಂದೊಂದು ದಿನ 40 ನಿಮಿಷ, 25 ಮೀಟರಿನ ತುಣುಕುಗಳು ಮಾತ್ರ: ನೋಟ ಕೊಳದ ತಳಕ್ಕೆ, ಬಾಯಿ ನೀರೊಳಗಿರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಾ ಉಸಿರು ಹೊರಕ್ಕೆ, ತಿರುಗಿದಾಗ ಒಂದೇ ಗುಟುಕು ಉಸಿರು ಒಳಕ್ಕೆ. ಉಸಿರು ಹಿಡಿದುಕೊಂಡು ಈಜುವವನಿಗೆ ಉಸಿರುಗಟ್ಟುವುದು ಗಾಳಿ ಸಾಲದೆ ಅಲ್ಲ, ಒಳಗಿನ ಗಾಳಿಯನ್ನು ಬಿಡದೆ. ಇದನ್ನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಅರ್ಥವಾಗದು. ಕೊಳದ ಅಂಚು ಹಿಡಿದು ಮುಖ ಮುಳುಗಿಸಿ, ಹಾಡಿನಂತೆ ಗುನುಗುತ್ತಾ ಗುಳ್ಳೆ ಬಿಡುವುದನ್ನು ದಿನವೂ ಐದು ನಿಮಿಷ ಮಾಡಿಸಿದ ಮೇಲೆ ಮೂರನೆಯ ವಾರಕ್ಕೆ ಅರ್ಥವಾಯಿತು.

ತೆರೆದ ನೀರಿನ ಅಭ್ಯಾಸಕ್ಕೆ ಜಾಗ ಹುಡುಕುವುದು ನಮ್ಮಲ್ಲಿ ದೊಡ್ಡ ಪ್ರಶ್ನೆ. ಆಲಮಟ್ಟಿಯ ಹಿನ್ನೀರು ಕಣ್ಣಿಗೆ ಕಡಲಿನಂತೆ ಕಂಡರೂ ಕೃಷ್ಣೆಯಲ್ಲಿ ಮೊಸಳೆಗಳಿವೆ. ಆ ವಿಚಾರ ಅಲ್ಲಿಗೇ ಮುಗಿಯಿತು. ಕೊನೆಗೆ ಪರಿಚಯದ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ದೊಡ್ಡ ಹೊಂಡವನ್ನು ಭಾನುವಾರ ಮುಂಜಾನೆ ಬಳಸಲು ಒಪ್ಪಿದರು. ಪ್ಲಾಸ್ಟಿಕ್ ಹಾಳೆ ಹಾಸಿದ ಈ ಹೊಂಡಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿ ಬರೆಯಲೇಬೇಕು. ನೀರಿನಲ್ಲಿ ನೆನೆದ ಹಾಳೆ ಪಾಚಿ ಕಟ್ಟಿ ಬೆಣ್ಣೆಯಂತೆ ಜಾರುತ್ತದೆ, ಈಜು ಬಲ್ಲವನೂ ಇಳಿಜಾರು ದಡವನ್ನು ಹತ್ತಿ ಬರಲಾರ. ನಾವು ನೀರಿಗೆ ಇಳಿಯುವ ಮೊದಲು ಎರಡು ಮೂಲೆಗಳಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ತಂತಿಬೇಲಿಯ ಕಲ್ಲುಕಂಬಕ್ಕೆ ಬಿಗಿದು ಇಳಿಬಿಟ್ಟೆವು, ಗಾಳಿ ತುಂಬಿದ ಲಾರಿ ಟ್ಯೂಬನ್ನು ನೀರಿನ ಮೇಲೆ ತೇಲಿಬಿಟ್ಟೆವು, ದಡದ ಮೇಲೆ ಯಾವಾಗಲೂ ಒಬ್ಬರು ನಿಂತಿರಬೇಕೆಂದು ನಿಯಮ ಮಾಡಿದೆವು. ಒಬ್ಬನೇ ಬಂದು ಇಳಿಯುವುದಕ್ಕೆ ಒಮ್ಮೆಯೂ ಬಿಡಲಿಲ್ಲ.

ಹೊಂಡದ ನೀರು ಹಸಿರು. ಚಾಚಿದ ಕೈಯೇ ಕಾಣುವುದಿಲ್ಲ. ಕೊಳದ ತಳದ ಗೆರೆ ನೋಡಿ ಈಜುವ ಅಭ್ಯಾಸವಾದವನಿಗೆ ಇದು ಕಡಲಿಗೆ ಬಹಳ ಹತ್ತಿರ. ಇಲ್ಲಿ ಬಾವಿಯ ಈಜು ನೆರವಿಗೆ ಬಂತು. ದಾರಿ ನೋಡಲು ಎಂಟು ಹತ್ತು ಕೈಗೊಮ್ಮೆ ತಲೆ ಎತ್ತಬೇಕು. ಕೊಳದಲ್ಲೇ ಕಲಿತವರು ಹೀಗೆ ಎತ್ತಿದಾಗ ಲಯ ಕಳೆದುಕೊಳ್ಳುತ್ತಾರೆ. ತಲೆ ಎತ್ತಿಯೇ ಈಜು ಕಲಿತವನಿಗೆ ಆ ಕಷ್ಟವಿರಲಿಲ್ಲ, ಕಡಿಮೆ ಎತ್ತುವುದನ್ನಷ್ಟೇ ಕಲಿಯಬೇಕಿತ್ತು. ಕೃಷ್ಣೆಯ ಮೊಸಳೆಯಂತೆ ಕಣ್ಣಷ್ಟೇ ಮೇಲೆ ಬರಲಿ ಎಂದೆ. ಆ ಹೋಲಿಕೆ ಆತನಿಗೆ ಒಮ್ಮೆಗೇ ಹಿಡಿಸಿತು. ಹೊಂಡದ ಆಚೆ ದಡದ ಪಂಪ್‌ಸೆಟ್ ಕೋಣೆಯ ಬಿಳಿ ಗೋಡೆಯನ್ನು ಗುರುತಾಗಿ ಇಟ್ಟುಕೊಂಡು ಸರಳರೇಖೆಯಲ್ಲಿ ಈಜತೊಡಗಿದ. ಗಾಬರಿಯ ಅಭ್ಯಾಸಕ್ಕೆಂದು ನಾಲ್ಕು ಜನ ಗೆಳೆಯರನ್ನು ಕರೆತಂದು ಬೇಕೆಂದೇ ಕಾಲು ತಾಗಿಸುವಂತೆ, ಮೈಮೇಲೆ ಬರುವಂತೆ ಜೊತೆಗೆ ಈಜಿಸಿದೆವು. ಇಪ್ಪತ್ತು ವಾರ ಕಳೆದ ಮೇಲೆ 400 ಮೀಟರ್ 8 ನಿಮಿಷ 40 ಸೆಕೆಂಡಿಗೆ, 200 ಮೀಟರ್ 4 ನಿಮಿಷ 6 ಸೆಕೆಂಡಿಗೆ ಬಂದಿತ್ತು. ಲೆಕ್ಕದಲ್ಲಿ ನೂರಕ್ಕೆ 2 ನಿಮಿಷ 17 ಸೆಕೆಂಡು.

ವೇಗಕ್ಕಿಂತ ನಾನು ಹೆಚ್ಚು ಬೆಲೆ ಕೊಟ್ಟದ್ದು ಬೇರೆಯದಕ್ಕೆ. ಈಜಿನ ಕೊನೆಯ 200 ಮೀಟರ್ ಬೇಕೆಂದೇ ಸಡಿಲಗೊಳಿಸಿ, ನೀರಿನಿಂದ ಎದ್ದಾಗ ಬಡಿತ 150ರ ಆಸುಪಾಸಿನಲ್ಲಿರುವಂತೆ ಅಭ್ಯಾಸ ಮಾಡಿಸಿದೆ. ಅಲ್ಲಿ ಕಳೆಯುವುದು ಹತ್ತು ಹದಿನೈದು ಸೆಕೆಂಡು. ಮನೆಯಂಗಳದಲ್ಲಿ ಎರಡು ಗೂಟಕ್ಕೆ ಬಿದಿರಿನ ಗಳ ಕಟ್ಟಿ, ಅದಕ್ಕೆ ಸೈಕಲ್ ತೂಗುಹಾಕಿ, ಪಕ್ಕದ ಹೊರಸಿನ ಮೇಲೆ ಹೆಲ್ಮೆಟ್, ಬೂಟು, ನಂಬರಿನ ಬೆಲ್ಟ್ ಸಾಲಾಗಿಟ್ಟು, ಬಕೆಟ್ ನೀರು ಸುರಿದುಕೊಂಡು ಓಡಿಬಂದು ಏರುವ ಅಭ್ಯಾಸವನ್ನೂ ಮಾಡಿದ. ಒದ್ದೆ ಕಾಲು ಬೂಟಿಗೆ ಜಾರಲು ಒಳಗೆ ಪೌಡರ್ ಉದುರಿಸುವುದು, ಹೆಲ್ಮೆಟ್ಟಿನ ಬಕ್ಕಲು ಹಾಕದೆ ಸೈಕಲ್ ಮುಟ್ಟದಿರುವುದು, ಇವೆಲ್ಲ ಸಣ್ಣ ವಿಷಯಗಳೇ. ಓಣಿಯ ಮಕ್ಕಳು ಸುತ್ತ ನಿಂತು ಸೆಕೆಂಡು ಎಣಿಸಿದ್ದರಿಂದ ಆ ಅಭ್ಯಾಸಕ್ಕೆ ಸ್ಪರ್ಧೆಯ ಕಾವೂ ಬಂತು.

ಸೈಕಲ್ಲಿನ ಹದ

ಸೈಕಲ್ಲಿನಲ್ಲಿ ಆತನಿಗೆ ಕಲಿಸಬೇಕಾದದ್ದು ಕಡಿಮೆ, ಮರೆಸಬೇಕಾದದ್ದು ಹೆಚ್ಚು. ಪೆಡಲಿಗೆ ಹಾಕುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಹಳೆಯದೊಂದು ಪವರ್ ಮೀಟರ್ ಕೊಂಡು 20 ನಿಮಿಷದ ಪರೀಕ್ಷೆ ಮಾಡಿಸಿದೆವು. ಅದರ ಸರಾಸರಿಯಲ್ಲಿ ಶೇ 95 ಹಿಡಿದರೆ ಒಂದು ಗಂಟೆಯ ಮಿತಿಶಕ್ತಿ 240 ವಾಟ್ ಎಂದು ಬಂತು. ಅರ್ಧ ದೂರದ ಸ್ಪರ್ಧೆಯಲ್ಲಿ ಆತನಂಥ ಓಟಗಾರ ಇದರ ಮುಕ್ಕಾಲು ಭಾಗದ ಹತ್ತಿರ ನಿಲ್ಲುವುದು ಕ್ಷೇಮ. ಗೋವಾದ ಸೆಕೆಯನ್ನು ಲೆಕ್ಕಕ್ಕೆ ಹಿಡಿದು ನಾವು 175 ವಾಟ್ ನಿಗದಿ ಮಾಡಿದೆವು. "ಇದು ಮೊಸರು ತರಾಕ ಹೋಗೋ ಸ್ಪೀಡ್ ಐತಿ ಸರ" ಎಂದು ಆತ ಬೇಸರಪಟ್ಟ. ಕೊಲ್ಹಾರದ ದಾರಿಯಲ್ಲಿ ಹೋಗಿ ಬರುವಾಗಿನ ಮಾತು, ಅಲ್ಲಿನ ಮೊಸರು ಪ್ರಸಿದ್ಧ. ತಮಾಷೆಯ ಮಾತಾದರೂ ಆ ವೇಗಕ್ಕೆ ನಮ್ಮಲ್ಲಿ ಅದೇ ಹೆಸರಾಯಿತು: ಮೊಸರಿನ ವೇಗ.

ಹಿಂದಿನ ವರ್ಷ ಆತನ ಪ್ರತಿಯೊಂದು ಸವಾರಿಯೂ ಗೆಳೆಯರ ಗುಂಪಿನೊಂದಿಗೆ ನಡೆಯುತ್ತಿತ್ತು, ಪ್ರತಿಯೊಂದೂ ಅರೆ ಜೋರಿನದು: ನಿಜವಾದ ಸುಲಭವೂ ಅಲ್ಲ, ನಿಜವಾದ ಕಠಿಣವೂ ಅಲ್ಲ. ದೀರ್ಘ ಹೊತ್ತು ದಮ್ಮು ಬೇಡುವ ಆಟಗಳ ಅಗ್ರ ಕ್ರೀಡಾಪಟುಗಳ ತರಬೇತಿಯನ್ನು ಅಧ್ಯಯನ ಮಾಡಿದ ಸ್ಟೀಫನ್ ಸೈಲರ್ ಅವರು ತೋರಿಸಿಕೊಟ್ಟ ಸಂಗತಿಯೆಂದರೆ, ಅಂಥವರ ಅಭ್ಯಾಸದಲ್ಲಿ ಸುಮಾರು ಶೇ 80 ಭಾಗ ಮಾತಾಡುತ್ತಾ ಮಾಡಬಹುದಾದ ಸುಲಭ ಶ್ರಮದ್ದು, ಉಳಿದದ್ದು ಮಾತ್ರ ತೀವ್ರವಾದದ್ದು. ಈ ಅನುಪಾತವನ್ನು ವಾರಕ್ಕೆ ಹದಿನೈದಿಪ್ಪತ್ತು ಗಂಟೆ ಅಭ್ಯಾಸ ಮಾಡುವವರಿಂದ ಎತ್ತಿ ಒಂಬತ್ತು ಗಂಟೆ ಸಿಗುವ ಪಾಳಿ ಕಾರ್ಮಿಕನ ಮೇಲೆ ಹಾಗೆಯೇ ಹೇರಬಹುದೇ ಎಂಬ ಅನುಮಾನ ನನಗೆ ಈಗಲೂ ಇದೆ. ಆದರೂ ಎರಡು ತೀವ್ರ ಅಭ್ಯಾಸ, ಉಳಿದದ್ದೆಲ್ಲ ಸುಲಭ ಎಂಬಷ್ಟನ್ನು ಪಾಲಿಸಿದೆವು. ರಾತ್ರಿ ಪಾಳಿಯ ವಾರದಲ್ಲಿ ತೀವ್ರವಾದ ಎರಡನ್ನೂ ಕೈಬಿಟ್ಟು ನಿದ್ರೆಗೆ ಆದ್ಯತೆ ಕೊಟ್ಟೆವು. ಭಾನುವಾರದ ಸೈಕಲ್ ಮತ್ತು ಓಟದ ಜೋಡಿ ಅಭ್ಯಾಸವನ್ನು ಮಾತ್ರ ಯಾವ ವಾರದಲ್ಲೂ ಬಿಡಲಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಿನಲ್ಲಿ ಬೀಸುವ ಪಶ್ಚಿಮದ ಗಾಳಿ ಈ ಕೆಲಸಕ್ಕೆ ಒಳ್ಳೆಯ ಗುರುವಾಯಿತು. ಎದುರುಗಾಳಿಯಲ್ಲಿ ವೇಗ ಗಂಟೆಗೆ 24 ಕಿ.ಮೀ.ಗೆ ಇಳಿದರೂ 175 ವಾಟ್, ಹಿಂಗಾಳಿಯಲ್ಲಿ 40 ಮುಟ್ಟಿದರೂ 175 ವಾಟ್. ವೇಗ ನೋಡಬೇಡ, ಶಕ್ತಿ ನೋಡು ಎಂಬುದನ್ನು ಗಾಳಿಯೇ ಕಲಿಸಿತು. ಎರಡರಿಂದ ಮೂರು ಗಂಟೆಯ ಈ ಸವಾರಿಯಿಂದ ಇಳಿದ ಐದು ನಿಮಿಷದೊಳಗೆ ಓಟ. ಮೊದಮೊದಲು 15 ನಿಮಿಷ, ಕೊನೆಕೊನೆಗೆ 50 ನಿಮಿಷ. ಸೈಕಲ್ಲಿನಿಂದ ಇಳಿದ ಕೂಡಲೇ ಕಾಲುಗಳು ಪೆಡಲಿನ ಸುತ್ತನ್ನೇ ಮುಂದುವರಿಸಲು ನೋಡುತ್ತವೆ, ಬಾಗಿ ಕುಳಿತು ಬಿಗಿದ ಸೊಂಟ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ, ನಿಜವಾದ ವೇಗದ ಅರಿವು ತಪ್ಪಿಹೋಗುತ್ತದೆ. ನಿಧಾನ ಓಡುತ್ತಿದ್ದೇನೆಂದು ಆತ ಹೇಳಿದಾಗಲೆಲ್ಲ ಗಡಿಯಾರ ಕಿಲೋಮೀಟರಿಗೆ 5 ನಿಮಿಷ ತೋರಿಸುತ್ತಿತ್ತು. ಆದ್ದರಿಂದ ಮೊದಲ ಎರಡು ಕಿ.ಮೀ. 6 ನಿಮಿಷಕ್ಕಿಂತ ಬೇಗ ಓಡಕೂಡದೆಂದು ಕಟ್ಟಪ್ಪಣೆ ಮಾಡಿದೆ. ಉಳಿದದ್ದನ್ನು ಆತನಿಗೇ ಬಿಟ್ಟೆ.

ಒಣ ಬೆವರು, ಹಸಿ ಬೆವರು

ನಮ್ಮ ಊರಿನ ಬಿಸಿಲು ಕಂಡವನಿಗೆ ಗೋವಾದ ಸೆಕೆ ಏನು ಮಾಡೀತು ಎಂದು ಮೊದಲ ವರ್ಷ ನಾವಿಬ್ಬರೂ ಅಂದುಕೊಂಡಿದ್ದೆವು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲು ಒಣ ಬಿಸಿಲು. ಬೆವರು ಚರ್ಮದ ಮೇಲೆ ನಿಲ್ಲುವ ಮೊದಲೇ ಆರಿಹೋಗಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ದೇಹ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ತೇವ ತುಂಬಿದ ಕಡಲ ಗಾಳಿಯಲ್ಲಿ ಅದು ಆರದೆ ಕೆಳಗೆ ತೊಟ್ಟಿಕ್ಕಿದರೆ ನೀರು, ಉಪ್ಪು ಎರಡೂ ಹೋಗಿ ತಂಪು ಮಾತ್ರ ಸಿಗುವುದಿಲ್ಲ. ಹಂಗಾಮಿನಲ್ಲಿ ಕಾರ್ಖಾನೆಯ ಹಬೆಯ ನಡುವೆ ನಿಂತು ದುಡಿದ ಆತನಿಗೆ ಈ ಸೆಕೆ ಹೊಸದಲ್ಲ. ನಿಂತು ಬೆವರುವುದಕ್ಕೂ ಓಡುತ್ತಾ ಬೆವರುವುದಕ್ಕೂ ಇರುವ ಅಂತರ ಹೊಸದು.

ಅಳತೆಗೆ ತಕ್ಕಡಿಯೇ ಸಾಕಾಯಿತು. ಜೂನ್ ಮೊದಲ ವಾರದ ಒಂದು ಮುಂಜಾನೆ 90 ನಿಮಿಷದ ಓಟಕ್ಕೆ ಮೊದಲು 68.4 ಕಿಲೋ, ಮೈ ಒರೆಸಿಕೊಂಡು ನಿಂತಾಗ 67.0 ಕಿಲೋ, ನಡುವೆ ಕುಡಿದದ್ದು ಅರ್ಧ ಲೀಟರ್. ಹೋದ ಬೆವರು ಒಟ್ಟು 1.9 ಲೀಟರ್, ಗಂಟೆಗೆ ಹೆಚ್ಚುಕಡಿಮೆ 1.27 ಲೀಟರ್. "ಅಂಗಿ ಒಣಾನೇ ಐತಲ್ಲ ಸರ" ಎಂದು ಆತ ನಂಬಲಿಲ್ಲ. ಇನ್ನೊಮ್ಮೆ ತೂಗಿ ನೋಡಿದ.

ಸ್ಪರ್ಧೆಗೆ ಮೂರು ವಾರ ಇರುವಾಗ ಹತ್ತು ದಿನ ತೇವದ ಸೆಕೆಯ ಅಭ್ಯಾಸ ಮಾಡಿಸಿದೆವು. ಕಿಟಕಿ ಮುಚ್ಚಿದ ಸಣ್ಣ ಕೋಣೆ, ಸುತ್ತಲೂ ನೀರಿನಲ್ಲಿ ಅದ್ದಿ ತೂಗುಹಾಕಿದ ಗೋಣಿತಾಟು, ಫ್ಯಾನ್ ಇಲ್ಲ. ನಿಂತಲ್ಲೇ ತುಳಿಯಲು ಸೈಕಲ್ ಹಿಡಿದಿಡುವ ಟ್ರೈನರ್ ಮೇಲೆ ಸೈಕಲ್ ನಿಲ್ಲಿಸಿ 150 ವಾಟ್‌ನಲ್ಲಿ 45ರಿಂದ 60 ನಿಮಿಷ. ಬಾಗಿಲಲ್ಲಿ ಆತನ ಅಣ್ಣ ಕುಳಿತಿರುತ್ತಿದ್ದ. ತಲೆಸುತ್ತು, ಚಳಿ, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಬೇಕೆಂದು ಹೇಳಿಟ್ಟಿದ್ದೆ. ಸೆಕೆಗೆ ಒಗ್ಗುವ ದೇಹದಲ್ಲಿ ಮೊದಲ ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನ ಕೊನೆಯ ಹತ್ತು ನಿಮಿಷದಲ್ಲಿ 151 ಇದ್ದ ಬಡಿತ ಹತ್ತನೆಯ ದಿನ ಅದೇ ಶ್ರಮಕ್ಕೆ 141ಕ್ಕೆ ಇಳಿದಿತ್ತು.

ಆಹಾರದ ವಿಷಯದಲ್ಲಿ ಮೊದಲ ವರ್ಷದ ತಪ್ಪು ಸರಳವಾದದ್ದು: ಮೊದಲೆಂದೂ ತಿನ್ನದ ಜೆಲ್‌ಗಳನ್ನು (ಪೊಟ್ಟಣದಲ್ಲಿ ಬರುವ ಸಕ್ಕರೆಯ ಗಟ್ಟಿ ಪಾಕ) ಸ್ಪರ್ಧೆಯ ದಿನವೇ ತಿಂದ, ಹೊಟ್ಟೆ ತಿರುಗಿಬಿತ್ತು. ಎರಡನೆಯ ವರ್ಷ ಮನೆಯ ಸಾಮಗ್ರಿಯಿಂದಲೇ ಲೆಕ್ಕ ಕಟ್ಟಿದೆವು. 750 ಮಿ.ಲೀ. ಬಾಟಲಿಗೆ 30 ಗ್ರಾಂ ಸಕ್ಕರೆ, ಔಷಧಿ ಅಂಗಡಿಯ ಗ್ಲೂಕೋಸ್ ಪುಡಿ 25 ಗ್ರಾಂ, ಒಂದೂವರೆ ಗ್ರಾಂ ಉಪ್ಪು, ಅರ್ಧ ಇಂಡಿ ಲಿಂಬೆ. ಗಂಟೆಗೆ ಅಂಥ ಒಂದು ಬಾಟಲಿ, ಜೊತೆಗೆ ನಮ್ಮದೇ ಸೀಮೆಯ ಒಣದ್ರಾಕ್ಷಿ 25 ಗ್ರಾಂ. ಕೂಡಿಸಿದರೆ ಗಂಟೆಗೆ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್. ಸಕ್ಕರೆಯೊಂದನ್ನೇ ಹಾಕದೆ ಗ್ಲೂಕೋಸ್ ಬೆರೆಸಿದ್ದಕ್ಕೆ ಕಾರಣವಿದೆ. ಸಕ್ಕರೆಯೂ ಒಣದ್ರಾಕ್ಷಿಯೂ ಗ್ಲೂಕೋಸ್, ಫ್ರಕ್ಟೋಸ್‌ಗಳನ್ನು ಹೆಚ್ಚುಕಡಿಮೆ ಸಮಸಮವಾಗಿ ಕೊಡುತ್ತವೆ. ಕರುಳು ಇವೆರಡನ್ನೂ ಬೇರೆಬೇರೆ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ, ಫ್ರಕ್ಟೋಸಿನ ಬಾಗಿಲು ಕಿರಿದು. ಈ ಮಿಶ್ರಣದಲ್ಲಿ ಎರಡು ಪಾಲು ಗ್ಲೂಕೋಸಿಗೆ ಒಂದು ಪಾಲು ಫ್ರಕ್ಟೋಸ್ ಬರುತ್ತದೆ, ಹೊಟ್ಟೆ ಉಬ್ಬರಿಸುವುದಿಲ್ಲ. ಹತ್ತು ಭಾನುವಾರ ಇದನ್ನೇ ಕುಡಿದು ತಿಂದು ಅಭ್ಯಾಸ ಮಾಡಿದ. ಮೊದಲ ಮೂರು ಭಾನುವಾರ ಗೊಣಗಿದ, ಆಮೇಲೆ ಗೊಣಗಲಿಲ್ಲ. ಸ್ಪರ್ಧೆಯ ಹಿಂದಿನ ಎರಡು ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ತರಕಾರಿಗೆ ಬಿಡುವು. ನಾರು ಕಡಿಮೆ ಇರುವ ಬಿಳಿ ಅನ್ನ, ತಿಳಿಸಾರು, ಮೊಸರು.

ಕೊನೆಯ ಎರಡು ವಾರ ಮತ್ತು ಸ್ಪರ್ಧೆಯ ದಿನ

ಕೊನೆಯ ಎರಡು ವಾರ ಅಭ್ಯಾಸದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ತೀವ್ರತೆಯನ್ನು ಹಾಗೆಯೇ ಉಳಿಸಿಕೊಂಡೆವು: ಅಂದರೆ ಚುರುಕಾದ ಸಣ್ಣ ತುಣುಕುಗಳು ಇದ್ದವು, ಉದ್ದದ ಸವಾರಿಗಳು ಇರಲಿಲ್ಲ. ಹಿಂದಿನ ವರ್ಷ ಇದೇ ಅವಧಿಯಲ್ಲಿ ಕಾಲು ಭಾರವೆನ್ನಿಸಿ ನನಗೆ ಹೇಳದೆ ಗುಂಪಿನೊಂದಿಗೆ 120 ಕಿ.ಮೀ. ಹೋಗಿ ಬಂದಿದ್ದ. ಈ ಬಾರಿ ದಸರೆ ಅಡ್ಡ ಬಂದದ್ದು ಒಳ್ಳೆಯದೇ ಆಯಿತು. ಬನ್ನಿ ಕೊಡಲು ನೆಂಟರ ಮನೆಗಳಿಗೆ ಸುತ್ತುವುದರಲ್ಲಿ ಸೈಕಲ್ ನೆನಪಾಗಲಿಲ್ಲ. ಹೋಳಿಗೆ ಎಷ್ಟು ತಿಂದನೆಂದು ನಾನು ಕೇಳಲಿಲ್ಲ.

ಕಡಲು ಆ ಮುಂಜಾನೆ ಸಾಧಾರಣವಾಗಿತ್ತು. ದಡದ ಮೊದಲ ಅಲೆಗಳನ್ನು ಕೆಳಗಿನಿಂದ ನುಸುಳಿ ದಾಟಿ, ಗುಂಪಿನ ಹೊರ ಅಂಚಿನಲ್ಲಿ ಈಜಿ 46 ನಿಮಿಷ 30 ಸೆಕೆಂಡಿಗೆ ಹೊರಬಂದ. ನೂರಕ್ಕೆ 2 ನಿಮಿಷ 27 ಸೆಕೆಂಡು. ಮರಳಿನ ಮೇಲೆ ನಿಂತಾಗ ಬಡಿತ 153. ಸೈಕಲ್ ಏರಲು 4 ನಿಮಿಷ ಸಾಕಾಯಿತು.

ಸೈಕಲ್ಲಿನ ಹನ್ನೆರಡನೆಯ ಕಿ.ಮೀ.ಯಲ್ಲಿ ರಸ್ತೆ ಉಬ್ಬಿಗೆ ಹಿಂದಿನ ಹಿಡಿಕೆಯಿಂದ ಒಂದು ಬಾಟಲಿ ಹಾರಿಬಿತ್ತು. ಒಂದು ಗಂಟೆಯ ಊಟ ರಸ್ತೆಪಾಲಾಯಿತು. ಹಿಂದಿನ ವರ್ಷವಾಗಿದ್ದರೆ ಆ ಸಿಟ್ಟೂ ಪೆಡಲಿನ ಮೇಲೆಯೇ ಇಳಿಯುತ್ತಿತ್ತು. ಆತ ಮಾಡಿದ್ದಿಷ್ಟು: ಜೇಬಿನಲ್ಲಿ ಹೆಚ್ಚಿಗೆ ಇಟ್ಟುಕೊಂಡಿದ್ದ ಒಣದ್ರಾಕ್ಷಿಯ ಪುಡಿಕೆಯನ್ನು ಬಿಚ್ಚಿ ಪ್ರತಿ ಹದಿನೈದು ನಿಮಿಷಕ್ಕೆ ಸ್ವಲ್ಪಸ್ವಲ್ಪವಾಗಿ ಬಾಯಿಗೆ ಹಾಕಿಕೊಂಡು, ದಾರಿಯ ನೀರಿನ ತಾಣದಲ್ಲಿ ಸಿಕ್ಕ ನೀರು ಕುಡಿದ. ತನ್ನನ್ನು ದಾಟಿ ಹೋದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಎಣಿಸುತ್ತಾ ಹೋಗಿದ್ದನಂತೆ. ಪವರ್ ಮೀಟರಿನ ಸರಾಸರಿ 174 ವಾಟ್. ಮೊದಲ ಗಂಟೆಗೂ ಕೊನೆಯ ಗಂಟೆಗೂ ನಡುವೆ ಅಂತರ 5 ವಾಟ್ ಮಾತ್ರ. ಇಷ್ಟು ಸಮನಾದ ಸವಾರಿಯನ್ನು ಆತ ಜೀವನದಲ್ಲಿ ಅದೇ ಮೊದಲು ಮಾಡಿದ್ದು. ಓಟದ ಹದಿಮೂರನೆಯ ಕಿ.ಮೀ.ಯ ಹೊತ್ತಿಗೆ ಹಾಗೆ ದಾಟಿ ಹೋದವರಲ್ಲಿ ಹದಿನೇಳು ಜನ ಹಿಂದೆ ಬಿದ್ದಿದ್ದರು.

ಓಟ ಎಲ್ಲವೂ ಸರಿಯಾಗಿ ನಡೆಯಿತೆಂದಲ್ಲ. ಹದಿನೇಳನೆಯ ಕಿ.ಮೀ.ಯಲ್ಲಿ ಎಡ ಮೀನಖಂಡ ಸೆಳೆದು ಮೂರು ಬಾರಿ ನಿಲ್ಲಬೇಕಾಯಿತು. ಕಳೆದುಕೊಂಡ ಬಾಟಲಿಯ ಉಪ್ಪಿನ ಕೊರತೆಯೇ ಕಾರಣವೆಂದು ಆತನ ವಾದ. ನನಗೆ ಹಾಗೆನ್ನಿಸುವುದಿಲ್ಲ, 22 ವಾರಗಳಲ್ಲಿ ಒಮ್ಮೆಯೂ 17 ಕಿ.ಮೀ.ಗಿಂತ ಹೆಚ್ಚು ಆತನನ್ನು ಓಡಿಸದ ನನ್ನ ಯೋಜನೆಯನ್ನೇ ನಾನು ಮೊದಲು ಸಂಶಯಿಸುತ್ತೇನೆ. ಸೆಳೆತ ಬಂದ ಜಾಗವೂ ಆ ಸಂಖ್ಯೆಯೂ ಒಂದೇ ಆಗಿರುವುದು ಕಾಕತಾಳೀಯವೂ ಇರಬಹುದು, ಇಲ್ಲದೆಯೂ ಇರಬಹುದು. ಮುಂದಿನ ವರ್ಷದ ಯೋಜನೆಯಲ್ಲಿ ತಿಂಗಳಿಗೆ ಎರಡು ಉದ್ದನೆಯ ಓಟಗಳು 20 ಕಿ.ಮೀ. ಮುಟ್ಟುತ್ತವೆ, ಮೀನಖಂಡಕ್ಕೆ ವಾರಕ್ಕೆರಡು ದಿನ ಭಾರ ಹೊತ್ತು ಹಿಮ್ಮಡಿ ಎತ್ತುವ ವ್ಯಾಯಾಮ ಸೇರಿದೆ. ಕುಡಿಯುವ ಲೆಕ್ಕವನ್ನು ಬದಲಿಸಿಲ್ಲ, ಬಾಟಲಿಯ ಹಿಡಿಕೆಯನ್ನು ಬದಲಿಸಿದ್ದೇವೆ.

ಒಬ್ಬನ ಎರಡು ಸ್ಪರ್ಧೆಗಳಿಂದ ಯಾವ ಬದಲಾವಣೆಗೆ ಎಷ್ಟು ನಿಮಿಷ ಸಲ್ಲಬೇಕೆಂದು ಪಾಲು ಮಾಡಲಾಗದು. ಎರಡೂ ದಿನದ ಹವೆ ಒಂದೇ ಆಗಿರಲಿಲ್ಲ, ಆತನಿಗೆ ಒಂದು ವರ್ಷದ ಅನುಭವವೂ ಹೆಚ್ಚಿತ್ತು. ಓಟದ 43 ನಿಮಿಷದಲ್ಲಿ ದೊಡ್ಡ ಪಾಲು ಸೈಕಲ್ಲಿನ ಸಂಯಮದ್ದು, ಆ ಸಂಯಮ ಸಾಧ್ಯವಾದದ್ದು ನೀರಿನಿಂದ ಶಾಂತವಾಗಿ ಎದ್ದು ಬಂದದ್ದರಿಂದ ಎಂಬುದು ದಾಖಲೆಗಳನ್ನು ಎದುರಿಗಿಟ್ಟುಕೊಂಡು ನಾನು ತಲುಪಿದ ಅಭಿಪ್ರಾಯ.

ಊರಿಗೆ ಮರಳಿದ ಮರುವಾರವೇ ಕಾರ್ಖಾನೆಯಲ್ಲಿ ಹಂಗಾಮಿನ ತಯಾರಿ ಶುರುವಾಗಿ ಆತ ಪಾಳಿಗೆ ಹೋದ. ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಬಳ್ಳಿಗಳಿಗೆ ನೀರು ಬಿಡತೊಡಗಿದ್ದರಿಂದ ಹೊಂಡದ ಮಟ್ಟ ಆಳೆತ್ತರ ಇಳಿದಿದೆ. ಹಗ್ಗಗಳನ್ನು ಬಿಚ್ಚಿ ತಂದು ಮನೆಯಲ್ಲಿ ಇಟ್ಟಿದ್ದೇವೆ.